ಜುಟ್ಟಿನ ಪೊಟ್ಟಣ

ಕರೆಂಟು ಹೋದಾಗ ಸಂಜೆ ನಾಲ್ಕು ದಾಟಿ ಹತ್ತು ನಿಮಿಷ. 2003ರ ಆಗಸ್ಟ್ 14, ಗುರುವಾರ. ಅಮ್ಮ ಮಿಕ್ಸಿಗೆ ಕಾಯಿತುರಿ ಹಾಕಿ ಮುಚ್ಚಳ ಒತ್ತಿ ಹಿಡಿದಿದ್ದಳು. ಅದು ಎರಡು ಸುತ್ತು ತಿರುಗಿ ಸುಮ್ಮನಾಯಿತು. ಆಮೇಲೆ ಒಂದೊಂದಾಗಿ ಗಮನಕ್ಕೆ ಬಂತು. ಫ್ರಿಜ್ಜಿನ ಸದ್ದಿಲ್ಲ, ಏಸಿಯ ಗಾಳಿಯಿಲ್ಲ, ಪಕ್ಕದ ಮನೆಯ ಟೀವಿಯೂ ಇಲ್ಲ. ನಾನು ಮಿಶಿಗನ್ನಿಗೆ ಬಂದು ಒಂಬತ್ತು ವರ್ಷವಾಗಿತ್ತು, ನಮ್ಮ ಬೀದಿ ಹಾಗೆ ಉಸಿರು ನಿಲ್ಲಿಸಿ ಕೂತದ್ದನ್ನು ಕಂಡಿರಲಿಲ್ಲ. ಅಮ್ಮನಿಗೆ ಅದು ವಿಶೇಷ ಅನ್ನಿಸಲಿಲ್ಲ. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ವಾರಗಟ್ಟಲೆ ಕತ್ತಲಲ್ಲಿ ಸಂಸಾರ ಮಾಡಿದವಳು ಅವಳು. ಮಿಕ್ಸಿಯ ಮುಚ್ಚಳ ತೆಗೆದು ಕಾಯಿಯನ್ನು ಬಟ್ಟಲಿಗೆ ಬಗ್ಗಿಸಿಕೊಳ್ಳುತ್ತಾ, "ಮೊದ್ಲು ಬಕೆಟ್ಟಿಗೆ ನೀರು ಹಿಡಿ" ಅಂದಳು.

ಅಮೆರಿಕದಲ್ಲಿ ನಲ್ಲಿ ನೀರು ನಿಲ್ಲುವುದಿಲ್ಲ ಅಂದೆ. ಹಿಡಿದರೇನು ನಷ್ಟ ಅಂದಳು. ಹಿಡಿದೆವು. ಕತ್ತಲಾಗುವ ಹೊತ್ತಿಗೆ ನಲ್ಲಿ ಎಳೆಯಷ್ಟೇ ಆಯಿತು. ಡೆಟ್ರಾಯಿಟಿನ ನೀರು ಪಂಪುಗಳಿಗೂ ಕರೆಂಟು ಹೋಗಿತ್ತು.

ನಮ್ಮ ಮನೆ ಆಗ ಡೆಟ್ರಾಯಿಟಿನ ಹೊರವಲಯದ ನೋವೈಯಲ್ಲಿ. ಅಡುಗೆಮನೆಯಲ್ಲಿದ್ದದ್ದು ಸುರುಳಿ ಕೆಂಪಗಾಗುವ ಎಲೆಕ್ಟ್ರಿಕ್ ಒಲೆ. ಕಾರು ಕಂಪನಿಯಲ್ಲಿ ಕೆಲಸದಲ್ಲಿದ್ದ ನಮ್ಮ ಯಜಮಾನರು ಮನೆ ಮುಟ್ಟಿದಾಗ ಏಳೂವರೆ. ಸಿಗ್ನಲ್ ದೀಪಗಳೆಲ್ಲ ಸತ್ತು ಪ್ರತಿ ಕೂಡುರಸ್ತೆಯಲ್ಲೂ ಜನ ನೀ ಮೊದಲು, ತಾ ಮೊದಲು ಅಂತ ಕೈಸನ್ನೆ ಮಾಡಿಕೊಂಡು ದಾಟುತ್ತಿದ್ದರಂತೆ. ಕಾರಿನ ರೇಡಿಯೋ ಸುದ್ದಿ ಅವರೇ ತಂದರು. ಡೆಟ್ರಾಯಿಟ್ ಮಾತ್ರ ಅಲ್ಲ, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್, ಆಚೆ ಕೆನಡಾದ ಟೊರಾಂಟೋ, ಎಲ್ಲ ಕತ್ತಲೆ. ಒಟ್ಟು ಐದು ಕೋಟಿ ಜನ ಅಂತ ಆಮೇಲೆ ಲೆಕ್ಕ ಸಿಕ್ಕಿತು. "ರಾತ್ರಿಗೆ ಬ್ರೆಡ್ಡು ತಿಂದರಾಯ್ತು" ಅಂದರು ಅವರು. ಅಮ್ಮ ಹಿಂಬಾಗಿಲಿನ ಗಾಜಿನಾಚೆ ನೋಡುತ್ತಾ ನಿಂತಿದ್ದಳು. ಅಲ್ಲಿ ಮೂರು ಕಾಲಿನ ಮೇಲೆ ನಮ್ಮ ಕರಿ ಗ್ರಿಲ್ ಇತ್ತು.

"ಒಲೆ ಉಂಟಲ್ಲ" ಅಂದಳು.

ಗ್ರಿಲ್ಲಿಗೂ ಅಮ್ಮನಿಗೂ ಪರಿಚಯವಾದದ್ದು ಅದಕ್ಕೆ ಎರಡು ತಿಂಗಳು ಮೊದಲು, ಕೆನ್ಸಿಂಗ್ಟನ್ ಮೆಟ್ರೋಪಾರ್ಕಿನಲ್ಲಿ. ಕೆಂಟ್ ಕೆರೆಯ ದಂಡೆ, ಓಕ್ ಮರಗಳ ನೆರಳು, ಮರದ ಮೇಜುಗಳು. ಪ್ರತಿ ಮೇಜಿನ ಹತ್ತಿರವೂ ನೆಲದಲ್ಲಿ ಹುಗಿದ ಕಬ್ಬಿಣದ ಕಂಬದ ಮೇಲೆ ಒಂದು ತೆರೆದ ಪೆಟ್ಟಿಗೆಯಂಥ ಗ್ರಿಲ್. ಯಾರು ಬೇಕಾದರೂ ಇದ್ದಿಲು ತಂದು ಅಡುಗೆ ಮಾಡಿಕೊಳ್ಳಬಹುದು. ಅಮ್ಮ ಹತ್ತಿರ ಹೋಗಿ ಅದರ ಕಂಬಿಗಳನ್ನು ನೋಡಿದಳು. ಹಿಂದಿನವರು ಸುಟ್ಟ ಮಾಂಸದ ಕೊಬ್ಬು ಕಂಬಿಗಳ ಮೇಲೆ ಕರ್ರಗೆ ಗಟ್ಟಿಯಾಗಿ ಅಂಟಿಕೊಂಡಿತ್ತು.

"ಇದ್ರ ಮೇಲೆ ಎಂತೆಂಥದು ಸುಟ್ಟಿರ್ತಾರೆ ಅಲ್ದಾ?" ಅಂದಳು. ಧ್ವನಿಯಲ್ಲಿ ಹೇಸಿಗೆ ಇರಲಿಲ್ಲ, ಆತಂಕ ಇತ್ತು. ತಾನು ಊಟ ಮಾಡದೆ ಇದ್ದರೆ ನಮ್ಮೆಲ್ಲರ ಸಂತೋಷ ಕೆಡುತ್ತದಲ್ಲ ಎಂಬ ಆತಂಕ.

ನಾನು ಚೀಲದಿಂದ ಫಾಯಿಲ್ ಸುರುಳಿ ತೆಗೆದೆ. ಇಲ್ಲಿಯ ಸಸ್ಯಾಹಾರಿ ಕನ್ನಡಿಗರ ಪಿಕ್ನಿಕ್ ಸಾಮಾನಿನಲ್ಲಿ ಉಪ್ಪಿಗಿಂತ ಮೊದಲು ಸೇರುವುದು ಈ ಸುರುಳಿ. ಕಂಬಿಗಳ ಉದ್ದಗಲಕ್ಕೆ ಎರಡು ಪದರ ಹಾಸಿ, ಅಂಚುಗಳನ್ನು ಕೆಳಕ್ಕೆ ಮಡಚಿ ಬಿಗಿ ಮಾಡಿದರೆ ಸಾರ್ವಜನಿಕ ಗ್ರಿಲ್ ನಮ್ಮ ಮನೆಯ ಕಾವಲಿಯಾಗುತ್ತದೆ. ಅಮ್ಮ ನಾನು ಹಾಸುವುದನ್ನೇ ನೋಡುತ್ತಿದ್ದಳು. ಮುಖ ಸಡಿಲವಾಯಿತು. "ಊಟಕ್ಕೆ ಬಾಳೆಲೆ ಹಾಕಿದ ಹಾಗೇ ಆಯ್ತಲ್ಲ ಇದು. ನೆಲ ಯಾರದ್ದಾದ್ರೆ ಎಂತ, ಎಲೆ ನಮ್ಮದು" ಅಂದಳು. ಎಂಟು ವರ್ಷ ಆ ಕೆಲಸ ಮಾಡುತ್ತಾ ಬಂದಿದ್ದ ನನಗೆ ಒಳಗೊಳಗೇ ಒಂದು ಅಳುಕಿತ್ತು, ಪಕ್ಕದ ಮೇಜಿನವರ ಮುಂದೆ ಅವರ ಕಂಬಿ ಮುಚ್ಚುತ್ತಿದ್ದೇನಲ್ಲ ಅಂತ. ಅಮ್ಮನ ಆ ಮಾತಿನಿಂದ ಅದು ಹೋಯಿತು. ಎಲೆ ಹಾಕಿಕೊಂಡು ಉಣ್ಣುವವರು ನೆಲವನ್ನು ಹೀಗಳೆದ ಹಾಗಲ್ಲವಲ್ಲ.

ಇದ್ದಿಲಿನ ಕತೆಯನ್ನು ಅವತ್ತು ನಮ್ಮ ಯಜಮಾನರು ಅಮ್ಮನಿಗೆ ಹೇಳಿದರು. ಕಿಂಗ್ಸ್‌ಫರ್ಡ್ ಅಂತ ಬರೆದ ಚೀಲದಲ್ಲಿ ಬರುವ ದಿಂಬಿನಾಕಾರದ ಆ ಬಿಲ್ಲೆಗಳು ಮೊದಲು ತಯಾರಾದದ್ದು ಮಿಶಿಗನ್ನಿನಲ್ಲೇ. ಹೆನ್ರಿ ಫೋರ್ಡ್ 1920ರ ದಶಕದಲ್ಲಿ ಈ ರಾಜ್ಯದ ಉತ್ತರದ ಕಾಡಿನಲ್ಲಿ, ಐರನ್ ಮೌಂಟನ್ ಊರಿನ ಹತ್ತಿರ, ಕಾರುಗಳಿಗೆ ಬೇಕಾದ ಮರ ಕೊಯ್ಯುವ ಕಾರ್ಖಾನೆ ಹಾಕಿದ. ಆಗಿನ ಮಾಡೆಲ್ ಟಿ ಕಾರಿನಲ್ಲಿ ಮರದ ಭಾಗಗಳು ಬಹಳ. ಕೊಯ್ದು ಉಳಿದ ಚೂರು, ಹೊಟ್ಟು ರಾಶಿ ಬೀಳುವುದನ್ನು ನೋಡಲಾಗದೆ ಅದನ್ನು ಇದ್ದಿಲು ಮಾಡಿ, ಪುಡಿ ಮಾಡಿ, ಗಂಜಿ ಬೆರೆಸಿ ಬಿಲ್ಲೆ ಒತ್ತಿಸಿದ. ಮೊದಮೊದಲು ಅದು ಫೋರ್ಡ್ ಕಾರು ಮಾರುವ ಕಡೆಯೇ ಸಿಗುತ್ತಿತ್ತು. 1951ರಲ್ಲಿ ಆ ಉದ್ಯಮ ಬೇರೆಯವರ ಕೈಗೆ ಹೋದಾಗ, ಮರದ ಕೆಲಸದಲ್ಲಿ ಫೋರ್ಡನಿಗೆ ನೆರವಾಗಿದ್ದ ಅವನ ನೆಂಟ ಕಿಂಗ್ಸ್‌ಫರ್ಡನ ಹೆಸರು ಅದಕ್ಕೆ ನಿಂತಿತು. ಅಮ್ಮ ಒಂದು ಬಿಲ್ಲೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ನಾವು ಅಡಿಕೆ ಸಿಪ್ಪೆ ಬಚ್ಚಲೊಲೆಗೆ ಹಾಕ್ತೀವಲ್ಲ, ಹಂಗೆ" ಅಂದಳು. ಹೌದು, ಹಂಗೇ.

ಹಾಸಿದ ಫಾಯಿಲ್ ಮೇಲೆ ಜೋಳ, ಆಲೂಗಡ್ಡೆ ಬೇಯಿಸುವುದು ನನಗೆ ಗೊತ್ತಿತ್ತು. ಒಳಗಿಟ್ಟು ಸುತ್ತಿ ಪೊಟ್ಟಣ ಮಾಡುವುದನ್ನು ನಾನು ಕಲಿತದ್ದು ಮಗಳ ದೆಸೆಯಿಂದ. ಅವಳಿಗೆ ಆಗ ಒಂಬತ್ತು, ಗರ್ಲ್ ಸ್ಕೌಟ್‌ನಲ್ಲಿದ್ದಳು. ಸ್ಕೌಟ್ ಮಕ್ಕಳ ಶಿಬಿರದ ಊಟ ಅಂದರೆ ಫಾಯಿಲ್ ಪೊಟ್ಟಣ. ಕೊಚ್ಚಿದ ಮಾಂಸದ ಒಂದು ಬಿಲ್ಲೆ, ಮೇಲೆ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಹೋಳು, ಉಪ್ಪು, ಮೆಣಸು. ಸುತ್ತಿ ಕೆಂಡದ ಮೇಲಿಟ್ಟರೆ ಅರ್ಧ ಗಂಟೆಗೆ ಊಟ ಸಿದ್ಧ, ತೊಳೆಯಲು ಪಾತ್ರೆಯಿಲ್ಲ. ನಮ್ಮವಳದ್ದರಲ್ಲಿ ಮಾಂಸ ಬಿಟ್ಟು ಮಿಕ್ಕಿದ್ದೆಲ್ಲ. ಶಿಬಿರಕ್ಕೆ ಮೊದಲು ಹಿತ್ತಿಲಲ್ಲಿ ಮಾಡಿ ನೋಡೋಣ ಅಂತ ಹೊರಟೆ.

ಆ ಮೊದಲ ಸಲ ಎಲ್ಲವೂ ತಪ್ಪಿತು. ಮನೆಯಲ್ಲಿದ್ದದ್ದು ತೆಳು ಫಾಯಿಲ್, ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲು ದಪ್ಪದ್ದು. ಆಲೂಗಡ್ಡೆಯ ಮೂಲೆ ತಾಗಿ ಹರಿಯಿತು, ಎಣ್ಣೆ ಸೋರಿ ಕೆಂಡಕ್ಕೆ ಬಿದ್ದು ಭಗ್ಗನೆ ಉರಿ ಎದ್ದಿತು. ರುಚಿಗೆಂದು ಟೊಮೇಟೊ, ನಿಂಬೆರಸ ಹಾಕಿದ್ದೆ. ಬಿಚ್ಚಿದಾಗ ಫಾಯಿಲಿನ ಒಳಮೈಯಲ್ಲಿ ಬೂದುಬಣ್ಣದ ಕಲೆ, ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು. ಬಿಚ್ಚುವಾಗ ಪೊಟ್ಟಣದ ಬಾಯಿ ನನ್ನ ಕಡೆಗಿತ್ತು. ಒಳಗೆ ಕಟ್ಟಿಕೊಂಡಿದ್ದ ಹಬೆ ಒಟ್ಟಿಗೆ ನುಗ್ಗಿ ಬಲಗೈ ಮಣಿಕಟ್ಟು ಬೊಬ್ಬೆ ಎದ್ದಿತು. ಬಳೆ ಕೂರುವ ಜಾಗದಲ್ಲಿ ಆ ಗುರುತು ಇನ್ನೂ ಉಂಟು.

ಅಮ್ಮ ಕೈಗೆ ತಣ್ಣೀರು ಸುರಿದು ಕೂರಿಸಿ, ಆಮೇಲೆ ಆ ತೂತುಬಿದ್ದ ಫಾಯಿಲ್ ಎತ್ತಿ ನೋಡಿದಳು. "ಇದು ಹಿಂಡಾಲಿಯಂ ಅಲ್ದಾ? ಹುಳಿ ಯಾಕೆ ಹಾಕಿದೆ?" ಅಂದಳು. ನನಗೆ ಹೊಳೆದೇ ಇರಲಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಬಾರದು, ಮಜ್ಜಿಗೆ ಇಡಬಾರದು ಅಂತ ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯಿಂದ ಕಲಿತದ್ದು. ಹುಳಿ, ಉಪ್ಪು ಎರಡೂ ಆ ಲೋಹವನ್ನು ತಿನ್ನುತ್ತವೆ. ಹೊಳೆಯುವ ಹಾಳೆ ಅಂತ ನಾನು ನೋಡುತ್ತಿದ್ದುದರಲ್ಲಿ ಅವಳು ಪಾತ್ರೆ ಕಂಡಳು.

ಒಂದು ಕಾಲಕ್ಕೆ ಈ ಲೋಹ ಬೆಳ್ಳಿಯ ಸಾಲಿನಲ್ಲಿ ಕೂರುತ್ತಿತ್ತು ಅಂದರೆ ಅಮ್ಮ ನಂಬಲಿಲ್ಲ. ವಾಷಿಂಗ್ಟನ್ ಸ್ಮಾರಕದ ತುದಿಗೆ 1884ರಲ್ಲಿ ಕಲಶದ ಹಾಗೆ ಇಟ್ಟದ್ದು ಸುಮಾರು ಮೂರು ಕೇಜಿ ಅಲ್ಯೂಮಿನಿಯಂ. ಎರಡು ವರ್ಷ ಕಳೆದು ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ಅದಿರಿನಿಂದ ಬಿಡಿಸುವ ದಾರಿ ಕಂಡುಹಿಡಿದ ಮೇಲೆ ಬೆಲೆ ಇಳಿಯುತ್ತಾ ಬಂದು, 1947ರ ಹೊತ್ತಿಗೆ ರೆನಾಲ್ಡ್ಸ್ ಫಾಯಿಲ್ ಸುರುಳಿ ಅಮೆರಿಕದ ಅಡುಗೆಮನೆಗಳಿಗೆ ಬಂತು. ಮಗಳಿಗೆ ಇವೆಲ್ಲ ಬೇಡ, ಅವಳ ಪ್ರಶ್ನೆ ಒಂದೇ: ಒಂದು ಮೈ ಫಳಫಳ, ಇನ್ನೊಂದು ಮೈ ಮಂಕು ಯಾಕೆ, ಯಾವುದು ಒಳಗೆ ಬರಬೇಕು? ಯಾವುದಾದರೂ ಸರಿ. ಕೊನೆಯ ಸಲ ರೋಲರ್‌ಗಳ ನಡುವೆ ಒತ್ತುವಾಗ ಹಾಳೆ ತೀರ ತೆಳುವಾಗಿ ಹರಿಯದಿರಲೆಂದು ಎರಡನ್ನು ಜೋಡಿಸಿ ಒತ್ತುತ್ತಾರೆ. ರೋಲರಿಗೆ ತಾಗಿದ ಮೈ ಹೊಳೆಯುತ್ತದೆ, ಒಂದಕ್ಕೊಂದು ತಾಗಿದ ಮೈ ಮಂಕಾಗುತ್ತದೆ. ಅಡುಗೆಗೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಎರಡನೆಯ ಸಲಕ್ಕೆ ದಪ್ಪ ಫಾಯಿಲ್ ತಂದೆವು. ಹುಳಿ ಬಿಟ್ಟೆವು. ಎರಡು ಅಂಚು ಸೇರಿಸಿ ಎರಡು ಮಡಿಕೆ ಮಡಚಿ, ಹಬೆ ಉಬ್ಬಲು ಒಳಗೆ ಒಂದಿಷ್ಟು ಜಾಗ ಬಿಟ್ಟು ಎರಡೂ ಕೊನೆ ಮುಚ್ಚಿದೆವು. ಮಗಳು ಶಿಬಿರಕ್ಕೆ ಹೋದಳು.

ಬಂದವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಜ್ಜಿಯ ಹತ್ತಿರ ಹೇಳಿದ್ದು, ನನ್ನ ಹತ್ತಿರ ಅಲ್ಲ. ಶಿಬಿರದಲ್ಲಿ ಪ್ರತಿಯೊಬ್ಬರ ಪೊಟ್ಟಣದ ಮೇಲೂ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದಿದ್ದರು. ಕೆಂಡದ ಮೇಲೆ ಹೆಸರುಗಳು ಸುಟ್ಟುಹೋದವು. ಇಪ್ಪತ್ತು ಪೊಟ್ಟಣ, ಎಲ್ಲ ಒಂದೇ ಥರ ಬೆಳ್ಳಗೆ, ಎಲ್ಲ ಒಂದೇ ಥರ ಮಸಿ. ಹಂಚುವವರಿಗೂ ಗೊತ್ತಾಗಲಿಲ್ಲ. ಅವಳ ಕೈಗೆ ಬಂದದ್ದು ಬೇರೆಯವರದ್ದು. ಒಂದು ತುತ್ತು ಬಾಯಿಗಿಟ್ಟ ಮೇಲೆ ತಿಳಿಯಿತು. ಎಲ್ಲರ ಮುಂದೆ ಉಗುಳಲು ನಾಚಿಕೆಯಾಗಿ ನುಂಗಿ, ಹೊಟ್ಟೆ ತುಂಬಿತು ಅಂದು ಎದ್ದಳಂತೆ. ನಾನು ಹೊರಗಿನಿಂದ ಕೇಳಿಸಿಕೊಂಡೆ. ಎದೆ ಬಿಗಿಯಿತು. ಮಾಂಸ ತಿಂದಳೆಂಬುದಕ್ಕಲ್ಲ, ಎರಡು ದಿನ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳಲ್ಲ ಎಂಬುದಕ್ಕೆ. ಅಮ್ಮ ಬೈಯಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ. "ಗೊತ್ತಿಲ್ದೆ ತಿಂದದ್ದು ಹೊಟ್ಟೆಗೆ ಹೋಗ್ತದೆ ಪುಟ್ಟಿ, ಮನಸ್ಸಿಗೆ ಹೋಗೂದಿಲ್ಲ" ಅಂದಳು. ಆಮೇಲೆ ಫಾಯಿಲ್ ಸುರುಳಿ ತರಲು ಹೇಳಿದಳು.

ನಮ್ಮ ಕಡೆ ಅರಿಶಿನ ಎಲೆಯ ಕಡುಬು ಮಾಡುವಾಗ ಸಿಹಿಯದ್ದು, ಖಾರದ್ದು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಸಿಹಿಯದ್ದರ ಎಲೆಯ ತೊಟ್ಟನ್ನು ಅಮ್ಮ ಹೊರಕ್ಕೆ ಚಾಚಿ ಬಿಡುತ್ತಿದ್ದಳು. ಬೆಂದ ಮೇಲೆ ಬಿಚ್ಚದೆಯೇ ಯಾವುದು ಯಾವುದೆಂದು ತಿಳಿಯಬೇಕಲ್ಲ. ಅವತ್ತು ಅದನ್ನೇ ಫಾಯಿಲಿಗೆ ತಂದಳು. ಒಂದು ಕೊನೆಯನ್ನು ಉದ್ದ ಬಿಟ್ಟು, ಬೆರಳಲ್ಲಿ ಹಿಡಿದು ಮೂರು ಸುತ್ತು ತಿರುವಿ, ಮೇಲಕ್ಕೆ ನಿಲ್ಲಿಸಿದಳು. ಜುಟ್ಟು ಉಳಿಸಿ ಸುಲಿದ ತೆಂಗಿನಕಾಯಿ ಹಾಗೆ ಕಂಡಿತು. "ಬರೆದದ್ದು ಸುಟ್ಟುಹೋಗ್ತದೆ. ತಿರುವಿದ್ದು ಹೋಗೂದಿಲ್ಲ. ಜುಟ್ಟು ಇರೂದು ನಿಂದು." ಮಗಳು ಕೂತು ಹತ್ತು ಜುಟ್ಟು ತಿರುವಿ ಅಭ್ಯಾಸ ಮಾಡಿದಳು.

ಕತ್ತಲೆಯ ಆ ಗುರುವಾರಕ್ಕೆ ಬರುತ್ತೇನೆ. ಅಮ್ಮ ಇದ್ದಿಲಿಗೆ ಸೀಮೆಎಣ್ಣೆಯಂಥ ಆ ದ್ರಾವಣ ಸುರಿಯಲು ಬಿಡಲಿಲ್ಲ, ಅನ್ನಕ್ಕೆ ವಾಸನೆ ಹತ್ತುತ್ತದೆ ಅಂತ. ದೇವರ ಗೂಡಿನಿಂದ ಎರಡು ಕರ್ಪೂರ ತಂದು, ಹಳೇ ಪೇಪರಿನ ಉಂಡೆಗಳ ಮಧ್ಯೆ ಇಟ್ಟು ಹೊತ್ತಿಸಿದಳು. ಇಪ್ಪತ್ತು ನಿಮಿಷಕ್ಕೆ ಬಿಲ್ಲೆಗಳ ಮೈಮೇಲೆ ಬೂದಿ ಕೂತು, ಒಳಗೆ ಕೆಂಪು ಕಂಡಿತು. ಊರಲ್ಲಿ ಸೌದೆ ಒಲೆಗೆ ಇಡುವ ಮೊದಲು ಪಾತ್ರೆಯ ತಳಕ್ಕೆ ಬೂದಿ ಕಲಸಿ ಸವರುತ್ತಾರೆ, ಮಸಿ ಸುಲಭಕ್ಕೆ ಬಿಡಲಿ ಅಂತ. ಇಲ್ಲಿ ಅನ್ನದ ಪಾತ್ರೆಯ ತಳಕ್ಕೆ ಫಾಯಿಲ್ ಸುತ್ತಿ ಇಟ್ಟಳು. ಫಾಯಿಲ್ ಪೊಟ್ಟಣದಲ್ಲಿ ಅಕ್ಕಿ ಬೇಯಿಸಬಹುದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಅನ್ನಕ್ಕೆ ಪಾತ್ರೆಯೇ ಆಗಬೇಕು.

ಫ್ರೀಜರಿನಲ್ಲಿ ಕಾಯಿತುರಿಯ ಪೊಟ್ಟಣಗಳು ಕರಗತೊಡಗಿದ್ದವು, ಬಳಸದಿದ್ದರೆ ಹಾಳು. ಎಳೆ ಬದನೆಕಾಯಿ ಇತ್ತು. ಎಣ್ಣೆಗಾಯಿ ಮಾಡುವ ಅಂದಳು ಅಮ್ಮ. ಕಾಯಿ, ಸಾರಿನ ಪುಡಿ, ಬೆಲ್ಲ, ಉಪ್ಪು, ಎಲ್ಲ ಕುಟ್ಟಾಣಿಯಲ್ಲಿ ಕುಟ್ಟಿದ್ದಾಯಿತು. ಹುಣಸೆಹಣ್ಣು ನೆನೆಹಾಕಿ ಕೈ ತಡೆದಳು. ಹುಳಿಯಿಲ್ಲದೆ ಎಣ್ಣೆಗಾಯಿ ಇಲ್ಲ, ಹುಳಿ ಹಾಕಿದರೆ ಫಾಯಿಲ್ ಇಲ್ಲ. ಹಿಂದಿನ ದಿನ ರಸ್ತೆಬದಿಯ ತೋಟದವರಿಂದ ತಂದ ಒಂದು ಡಜನ್ ಜೋಳ ಮೂಲೆಯಲ್ಲಿತ್ತು. ಆಗಸ್ಟಿನ ಮಿಶಿಗನ್ ಜೋಳ, ಸಿಪ್ಪೆ ಸುಲಿಯುವಾಗಲೇ ಹಾಲಿನ ವಾಸನೆ ಬರುವಂಥದ್ದು. ಮಗಳು ಸುಲಿಯುತ್ತಾ ಹಸಿರು ಸಿಪ್ಪೆಗಳನ್ನು ಕಾಲಬುಡದಲ್ಲಿ ಗುಡ್ಡೆ ಹಾಕಿದ್ದಳು. ಅಮ್ಮ ಬಗ್ಗಿ ಒಂದು ಸಿಪ್ಪೆ ಎತ್ತಿದಳು. ಅಗಲಕ್ಕೆ ಬಿಡಿಸಿದಳು, ಮೂಗಿಗೆ ಹಿಡಿದಳು, ಬೆರಳಿಂದ ಮಡಚಿ ಹರಿಯುತ್ತದೆಯೋ ನೋಡಿದಳು. "ಎಲೆ ಇಲ್ಲೇ ಬಿದ್ದುಕೊಂಡಿತ್ತು, ನಾವು ಕಾಣ್ಲಿಲ್ಲ" ಅಂದಳು.

ಆಮೇಲಿನದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಫಾಯಿಲ್ ಹಾಸಿದಳು. ಅದರ ಮೇಲೆ ಮೂರು ಸಿಪ್ಪೆಗಳನ್ನು ಒಂದರ ಅಂಚಿನ ಮೇಲೆ ಒಂದು ಬರುವಂತೆ ಜೋಡಿಸಿದಳು. ಸಿಪ್ಪೆಗೆ ಎಣ್ಣೆ ಸವರಿದಳು. ನಾಲ್ಕಾಗಿ ಸೀಳಿ ಮಸಾಲೆ ತುಂಬಿದ ನಾಲ್ಕು ಬದನೆಕಾಯಿ, ಮೇಲೆ ಒಂದು ಚಮಚ ಹುಣಸೆರಸ, ಮೇಲೆ ಮತ್ತೆರಡು ಸಿಪ್ಪೆ. ಆಮೇಲಷ್ಟೇ ಫಾಯಿಲ್ ಮುಚ್ಚಿದಳು. ಹುಳಿಗೂ ಲೋಹಕ್ಕೂ ನಡುವೆ ಈಗ ಎಲೆ ಇತ್ತು. ಹೊರಗೆ ಬೆಂಕಿ ತಡೆಯುವುದು ಲೋಹದ ಕೆಲಸ, ಒಳಗೆ ಊಟ ಕಾಯುವುದು ಎಲೆಯ ಕೆಲಸ. ಕೊನೆಗೆ ಜುಟ್ಟು ತಿರುವಿದಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜಿ ಬಂದರು. ಎಪ್ಪತ್ತು ದಾಟಿದವರು, ನಿವೃತ್ತ ನರ್ಸ್, ಒಬ್ಬರೇ ಇದ್ದರು. ಅವರದ್ದೂ ಎಲೆಕ್ಟ್ರಿಕ್ ಒಲೆ. ಕೈಯಲ್ಲಿ ಕರಗುತ್ತಿರುವ ಹ್ಯಾಂಬರ್ಗರ್ ಬಿಲ್ಲೆಗಳು, ತೋಟದ ಎರಡು ಜುಕಿನಿ. ಬೆಂಕಿಯಲ್ಲಿ ಜಾಗ ಇದ್ದರೆ ಅಂತ ಕೇಳಿ, ತಕ್ಷಣ ನಮ್ಮ ಊಟದ ಪದ್ಧತಿ ನೆನಪಾಗಿ ಹಿಂದೆ ಸರಿದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಒಂದು ಗಳಿಗೆ ಗ್ರಿಲ್ ನೋಡಿದಳು. ಇದು ಪಾರ್ಕಿನ ಕಂಬಿ ಅಲ್ಲ, ನಮ್ಮ ಮನೆಯದ್ದು, ಇದರ ಮೇಲೆ ಮಾಂಸ ಬಿದ್ದದ್ದಿಲ್ಲ. ಏನು ಹೇಳುತ್ತಾಳೋ ಎಂದು ನಾನು ಕಾದೆ. "ಅವರಿಗೂ ಫಾಯಿಲ್ ಕೊಡು, ಸುತ್ತಿ ಇಡ್ಲಿ. ಜುಟ್ಟು ಬೇಡ ಅಂತ ಹೇಳು" ಅಂದಳು.

ಆ ಅಜ್ಜಿ ಪೊಟ್ಟಣ ಸುತ್ತಿದ ರೀತಿಯಲ್ಲೇ ಗೊತ್ತಾಯಿತು, ಜೀವಮಾನವಿಡೀ ಸುತ್ತಿದ ಕೈ. ಹೋಬೋ ಡಿನ್ನರ್ ಅಂತ ಕರೆದರು ಅದನ್ನು. ರೈಲುಡಬ್ಬಿ ಹತ್ತಿ ಊರಿಂದೂರಿಗೆ ಕೂಲಿ ಹುಡುಕಿ ಅಲೆಯುತ್ತಿದ್ದವರನ್ನು ಇಲ್ಲಿ ಹೋಬೋ ಅನ್ನುತ್ತಿದ್ದರು, ಅವರ ಊಟದ ಹೆಸರು ಇದಕ್ಕೆ ಬಂದಿದೆ. ತಾನು ಚಿಕ್ಕವಳಿದ್ದಾಗ ಯುದ್ಧಕಾಲದಲ್ಲಿ ಚ್ಯೂಯಿಂಗ್ ಗಮ್ ಸುತ್ತಿದ ಬೆಳ್ಳಿ ಕಾಗದವನ್ನೂ ಎಸೆಯದೆ ಉಂಡೆ ಕಟ್ಟಿ ಶಾಲೆಗೆ ಒಪ್ಪಿಸುತ್ತಿದ್ದೆವು ಅಂದರು. ಅಮ್ಮ ಕೇಳಿಸಿಕೊಂಡು ತಲೆಯಾಡಿಸಿದಳು. ಭಾಷೆ ಬಾರದಿದ್ದರೂ ಆ ಮಾತು ಅವಳಿಗೆ ನಾನು ಹೇಳುವುದಕ್ಕೆ ಮೊದಲೇ ಅರ್ಧ ತಲುಪಿತ್ತು.

ಕತ್ತಲಾಯಿತು. ಬೀದಿದೀಪವಿಲ್ಲ, ಆಕಾಶದ ಅಂಚಿನಲ್ಲಿ ಡೆಟ್ರಾಯಿಟಿನ ಕಿತ್ತಳೆ ಮಬ್ಬಿಲ್ಲ. ಇಲ್ಲಿಯ ಆಕಾಶದಲ್ಲಿ ಅಷ್ಟು ನಕ್ಷತ್ರ ಇರುವುದು ನನಗೆ ಗೊತ್ತಿರಲಿಲ್ಲ. ಶ್ರಾವಣದ ಹುಣ್ಣಿಮೆ ಕಳೆದಿತ್ತು, ಚಂದ್ರ ತಡವಾಗಿ ಏಳುವವನಿದ್ದ. ಆಗ್ನೇಯದಲ್ಲಿ ಮರಗಳ ಮೇಲೆ ಕೆಂಪಗೆ, ಮಿಣುಕದೆ ಒಂದು ಚುಕ್ಕಿ ಎದ್ದಿತು. ಆ ಆಗಸ್ಟ್ ತಿಂಗಳಲ್ಲಿ ಮಂಗಳ ಭೂಮಿಗೆ ಸುಮಾರು ಅರವತ್ತು ಸಾವಿರ ವರ್ಷಗಳಲ್ಲೇ ಅತಿ ಹತ್ತಿರ ಬಂದಿದ್ದ. ಮಗಳು ಅಜ್ಜಿಗೆ ತೋರಿಸಿ ಮಾರ್ಸ್ ಅಂದಳು. "ಅಂಗಾರಕ" ಅಂದಳು ಅಮ್ಮ. ಅಂಗಾರ ಅಂದರೆ ಕೆಂಡ, ಅದಕ್ಕೇ ಆ ಹೆಸರು ಅಂತ ಗ್ರಿಲ್ಲಿನ ಒಳಗೆ ತೋರಿಸಿದಳು.

ಗ್ರಿಲ್ಲಿನ ಮೇಲೆ ಹನ್ನೊಂದು ಪೊಟ್ಟಣಗಳಿದ್ದವು. ಟಾರ್ಚಿನ ಸೆಲ್ಲು ಉಳಿಸಬೇಕೆಂದು ಹಚ್ಚಿರಲಿಲ್ಲ. ತೆಗೆಯುವ ಹೊತ್ತಿಗೆ ಯಾವುದೂ ಕಾಣುತ್ತಿರಲಿಲ್ಲ. ಮಗಳು ಇಕ್ಕಳದಿಂದ ಒಂದೊಂದನ್ನೇ ತಟ್ಟೆಗೆ ತಂದಿಟ್ಟಳು. ಅಮ್ಮ ಸೆರಗಿನ ತುದಿಯಿಂದ ಮೇಲ್ಮೈ ತಡವಿ, ಜುಟ್ಟು ಸಿಕ್ಕರೆ ಎಡಕ್ಕೆ, ಸಿಗದಿದ್ದರೆ ಬಲಕ್ಕೆ ಸರಿಸಿದಳು. ಒಂದೂ ತಪ್ಪಲಿಲ್ಲ. ಬಲಕ್ಕೆ ಹೋದದ್ದು ಪಕ್ಕದ ಮನೆಯ ಅಜ್ಜಿಯ ತಟ್ಟೆಗೆ. ಬಾಯಿ ಆಚೆ ಮಾಡಿ ಬಿಚ್ಚಿ ಅಂತ ನಾನು ಎಲ್ಲರಿಗೂ ಹೇಳಿದೆ, ನನ್ನ ಮಣಿಕಟ್ಟು ಹಿಡಿದುಕೊಂಡೇ.

ಎಣ್ಣೆಗಾಯಿ ಪೊಟ್ಟಣ ಬಿಚ್ಚಿದಾಗ ಮೊದಲು ಎದ್ದದ್ದು ಜೋಳದ ಸಿಪ್ಪೆಯ ವಾಸನೆ. ಹಸಿ ಹುಲ್ಲು, ಹಾಲು, ಅದರ ಹಿಂದೆ ಮಸಾಲೆ, ಅದರ ಹಿಂದೆ ಹುಣಸೆ. ಸಿಪ್ಪೆಗಳು ಕೆಳಗಡೆ ಕಂದಾಗಿ ಕರಕಲು ತಾಗಿದ್ದವು, ಬದನೆ ಬೆಣ್ಣೆಯಾಗಿತ್ತು. ಅರಿಶಿನ ಎಲೆಯದ್ದಲ್ಲ ಆ ವಾಸನೆ, ಬಾಳೆಲೆಯದ್ದೂ ಅಲ್ಲ. ಹಾಗೆಂದು ಪರಕೀಯವೂ ಅಲ್ಲ. ಪಕ್ಕದ ಮನೆಯ ಅಜ್ಜಿ ಎರಡು ಸಲ ಹಾಕಿಸಿಕೊಂಡರು. ಏಳುವ ಮೊದಲು, ಉಳಿದಿದ್ದ ಆಲೂಗಡ್ಡೆ ಪೊಟ್ಟಣಗಳನ್ನು ತೋರಿಸಿ ನನಗೆ ಗಟ್ಟಿಯಾಗಿ ಒಂದು ಮಾತು ಹೇಳಿದರು. ಬಿಚ್ಚಿಡು, ಫಾಯಿಲಿನಲ್ಲಿ ಹಾಗೇ ರಾತ್ರಿಯಿಡೀ ಬಿಡಬೇಡ. ಮಣ್ಣಿನಿಂದ ಬರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಗಾಳಿಯಾಡದ ಬೆಚ್ಚಗಿನ ಫಾಯಿಲಿನೊಳಗೆ ಅದು ಬೆಳೆದು ವಿಷವಾಗುತ್ತದೆ. 1994ರಲ್ಲಿ ಟೆಕ್ಸಸಿನ ಎಲ್ ಪಾಸೋದಲ್ಲಿ ಹಾಗೆ ಇಟ್ಟ ಆಲೂಗಡ್ಡೆಯಿಂದಲೇ ಸುಮಾರು ಮೂವತ್ತು ಜನ ಬೊಟುಲಿಸಂ ಹಿಡಿದು ಮಲಗಿದರು. ಅಮ್ಮನಿಗೆ ಹೇಳಿದೆ. ಫ್ರಿಜ್ಜೂ ಇಲ್ಲದ ರಾತ್ರಿ, ತಂಗಳು ಇಡುವ ಮಾತೇ ಇಲ್ಲ ಅಂದು ಅವಳು ಎಲ್ಲರಿಗೂ ಬಡಿಸಿ ಮುಗಿಸಿಬಿಟ್ಟಳು.

ಕರೆಂಟು ಬಂದದ್ದು ಶನಿವಾರ. ನಡುವಿನ ಶುಕ್ರವಾರವೂ ಮೂರು ಹೊತ್ತು ಗ್ರಿಲ್ಲೇ. ಆ ದಿನದ ಅಡುಗೆಗಿಂತ ನನಗೆ ನೆನಪಿರುವುದು ಬೆಳಗ್ಗೆ ಕಂಡ ಒಂದು ನೋಟ. ನೀರು ಅಳೆದು ಖರ್ಚು ಮಾಡಬೇಕಾದ ದಿನ. ಅಮ್ಮ ಹಿಂದಿನ ರಾತ್ರಿಯ ಫಾಯಿಲುಗಳಲ್ಲಿ ಹರಿಯದೆ ಉಳಿದವನ್ನು ಒಂದು ಚೊಂಬು ನೀರಿನಲ್ಲಿ ಒರೆಸಿ ತೊಳೆದು, ಅಂಗೈಯಿಂದ ನಿರಿಗೆ ತೀಡಿ, ಹಿತ್ತಿಲ ಕುರ್ಚಿಯ ಬೆನ್ನಿಗೆ ಒಣಹಾಕಿದ್ದಳು. ನನಗೆ ಸಂಕೋಚವಾಗಿ, ಯಾರಾದರೂ ನೋಡಿಯಾರು ಅಂತ ಬೇಲಿಯ ಕಡೆ ತಿರುಗಿದೆ. ಆಚೆ ಆ ಅಜ್ಜಿಯೂ ತಮ್ಮ ಹೊಲಿಗೆ ಕೋಣೆಯ ಕಿಟಕಿಗೆ ಎರಡು ಫಾಯಿಲ್ ಹಾಳೆ ತೊಳೆದು ಆನಿಸಿಟ್ಟಿದ್ದರು. ಬಿಸಿಲು ಎರಡರಿಂದಲೂ ನಮ್ಮ ಗೋಡೆಗೆ ಬಿದ್ದು ಅಲ್ಲಾಡುತ್ತಿತ್ತು.

ಓಹಾಯೋದಲ್ಲಿ ತಂತಿಗಳು ಜೋತು ಮರಕ್ಕೆ ತಾಗಿದ್ದೇ ಅಷ್ಟಕ್ಕೂ ಮೊದಲು ಅಂತ ಆಮೇಲೆ ಪತ್ರಿಕೆಯಲ್ಲಿ ಬಂತು. ಅಮ್ಮನಿಗೆ ಓದಿ ಹೇಳಿದೆ. ಮರ, ತಂತಿ, ಕತ್ತಲೆ, ಈ ಮೂರರ ಸಂಬಂಧ ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ.

ಅಕ್ಟೋಬರಿನಲ್ಲಿ ಅಮ್ಮ ಊರಿಗೆ ಹೊರಟಾಗ ಪೆಟ್ಟಿಗೆಯಲ್ಲಿ ದಪ್ಪ ಫಾಯಿಲಿನ ಎರಡು ಸುರುಳಿ ಇಟ್ಟುಕೊಂಡಳು. ಊರಲ್ಲೂ ಸಿಗುತ್ತದೆ ಅಂದರೆ ಇಷ್ಟು ದಪ್ಪದ್ದು ಸಿಗುವುದಿಲ್ಲ ಅಂದಳು.

ನಾನು ಹೋದದ್ದು ಎರಡು ವರ್ಷ ಕಳೆದು ಜನವರಿಯಲ್ಲಿ. ಗೆಣಸಿನ ಕಾಲ. ಬಚ್ಚಲೊಲೆಯ ಬೂದಿಯೊಳಗೆ ಹುಗಿದು ಸುಟ್ಟ ಗೆಣಸಿನ ಮೇಲೆ ಆಸೆ ಇಟ್ಟುಕೊಂಡೇ ವಿಮಾನ ಹತ್ತಿದ್ದೆ. ಹೇಳಿದ್ದೆ ಕೂಡ. ಸಂಜೆ ಹಂಡೆಯ ಕೆಳಗೆ ಅಡಿಕೆ ಸಿಪ್ಪೆಯ ಕೆಂಡ ಕೂತ ಮೇಲೆ ಅಮ್ಮ ಬಗ್ಗಿ ಕೋಲಿನಿಂದ ಎಳೆದದ್ದು ಬೂದಿ ಮೆತ್ತಿದ ಬೆಳ್ಳಿ ಪೊಟ್ಟಣ. ನನ್ನ ಮುಖ ಇಳಿಯಿತು. ಗೆಣಸು ಮೆತ್ತಗೆ, ಸಿಹಿಯಾಗಿ ಬೆಂದಿತ್ತು. ಸುಟ್ಟಿರಲಿಲ್ಲ. ಈ ವ್ಯತ್ಯಾಸ ನನಗೆ ದೊಡ್ಡದು. ಕೆಂಡದ ನ್ಯಾಯ ಬೇರೆ, ಹಬೆಯ ನ್ಯಾಯ ಬೇರೆ. ಫಾಯಿಲಿನೊಳಗೆ ನೀರಿನಂಶ ಹೊರಗೆ ಹೋಗಲು ದಾರಿಯಿಲ್ಲ. ನೀರಿರುವ ತನಕ ಒಳಗಿನ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಹೊರಗೆ ಎಷ್ಟೇ ಕೆಂಪು ಕೆಂಡವಿರಲಿ, ಒಳಗೆ ನಡೆಯುವುದು ಇಡ್ಲಿ ಪಾತ್ರೆಯ ಕೆಲಸ. ಸುಟ್ಟ ಕಮ್ಮಗಿನ ವಾಸನೆ ಬರಬೇಕಾದರೆ ಮೈ ಒಣಗಬೇಕು, ಕೆಂಡ ಕಾಣಬೇಕು. ಹಾಗಾಗಿ ಸುಟ್ಟ ಬದನೆಕಾಯಿಯ ಗೊಜ್ಜಿಗೆ ನಾನು ಇವತ್ತಿಗೂ ಫಾಯಿಲ್ ಮುಟ್ಟಿಸುವುದಿಲ್ಲ. ಉಳಿದವನ್ನು ಕೊನೆಯ ಐದು ನಿಮಿಷ ಬಿಚ್ಚಿಟ್ಟು ಉರಿಗೆ ಮುಖ ತೋರಿಸಿಯೇ ತೆಗೆಯುತ್ತೇನೆ.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಒಪ್ಪಲಿಲ್ಲ. "ನಲವತ್ತು ವರ್ಷ ಸುಟ್ಟಿದ್ದೀನಿ ನಾನು. ಅರ್ಧ ಗೆಣಸು ಕರಕಲಾಗ್ತಿತ್ತು, ಉಳಿದ ಅರ್ಧಕ್ಕೆ ಬೂದಿ. ನೀವು ಮಕ್ಕಳು ಊದಿ ಊದಿ ತಿಂತಿದ್ರಿ, ರುಚಿ ಅಂತಿದ್ರಿ. ಇದ್ರಲ್ಲಿ ಒಂದು ಚೂರೂ ಹಾಳಾಗೂದಿಲ್ಲ ಮಾರಾಯ್ತಿ." ನನಗೆ ಬೇಕಾದದ್ದು ನನ್ನ ಬಾಲ್ಯದ ವಾಸನೆ. ಅವಳ ಕಣ್ಣಿಗೆ ಬಿದ್ದದ್ದು ಹಾಳಾಗದೆ ಉಳಿದ ಗೆಣಸು. ಒಲೆಯ ಮುಂದೆ ಕೂತು ಹೊಗೆ ಕುಡಿದವಳು ಅವಳೇ ಆದ್ದರಿಂದ ನಾನು ಹೆಚ್ಚು ವಾದಿಸಲಿಲ್ಲ.

ಮರುದಿನ ಸಂಜೆ ಬಚ್ಚಲಿಗೆ ಹೋದಾಗ ಒಲೆಯ ಬಾಯಲ್ಲಿ ಎರಡು ಥರದ್ದು ಇತ್ತು. ಎಡಗಡೆ ಬರಿಮೈಯ ನಾಲ್ಕು ಗೆಣಸು ಬೂದಿಯಲ್ಲಿ ಅರ್ಧ ಹುಗಿದುಕೊಂಡು, ಸಿಪ್ಪೆ ಬಿರಿದು, ಸಕ್ಕರೆಪಾಕ ಸುರಿದು ಚುಂಯ್ ಅನ್ನುತ್ತಿದ್ದವು. ಬಲಗಡೆ ಒಂದೇ ಒಂದು ಫಾಯಿಲ್ ಪೊಟ್ಟಣ. ಆ ಮನೆಯಲ್ಲಿ ಮಾಂಸ ಬೇಯುವುದಿಲ್ಲ, ಬೇರೆ ಮಾಡಿ ತೋರಿಸಬೇಕಾದದ್ದು ಏನೂ ಇಲ್ಲ, ಇದ್ದದ್ದೂ ಅದೊಂದೇ ಪೊಟ್ಟಣ. ಆದರೂ ಅದರ ಕೊನೆಯನ್ನು ಮೂರು ಸುತ್ತು ತಿರುವಿ ಮೇಲಕ್ಕೆ ನಿಲ್ಲಿಸಿದ್ದಳು. "ಇದು ಯಾರದ್ದು?" ಅಂತ ಕೇಳಿದೆ.

"ಪುಟ್ಟಿದು" ಅಂದಳು ಅಮ್ಮ. ಮಗಳು ಆ ಸಲ ನನ್ನ ಜೊತೆ ಬಂದಿರಲಿಲ್ಲ.